ಲೈನ್ ನಿಲ್ಲಿಸುವ ಅಧಿಕಾರ ಯಾರ ಕೈಯಲ್ಲಿದೆ?

ನಾಯಕರಿಗೆ ಎಂದೂ ಬರವಿಲ್ಲದ ಸೀಮೆ ನಮ್ಮದು. ವಿಧಾನಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು ರಾಮನಗರದ ಮಣ್ಣಿನವರು. 1983ರಲ್ಲಿ ಮುಖ್ಯಮಂತ್ರಿಯಾದ ರಾಮಕೃಷ್ಣ ಹೆಗಡೆಯವರು ಆಮೇಲೆ ವಿಧಾನಸಭೆಗೆ ಆರಿಸಿ ಬಂದದ್ದು ಕನಕಪುರದ ಉಪಚುನಾವಣೆಯಲ್ಲಿ. 1994ರಲ್ಲಿ ಎಚ್.ಡಿ. ದೇವೇಗೌಡರು ಮುಖ್ಯಮಂತ್ರಿಯಾದಾಗ ರಾಮನಗರದ ಶಾಸಕರು. ಎಚ್.ಡಿ. ಕುಮಾರಸ್ವಾಮಿಯವರ ರಾಜಕೀಯ ಬೆಳೆದದ್ದು ಕನಕಪುರ, ರಾಮನಗರ, ಚನ್ನಪಟ್ಟಣಗಳ ನಡುವೆ. 2023ರಲ್ಲಿ ಉಪಮುಖ್ಯಮಂತ್ರಿಯಾದ ಡಿ.ಕೆ. ಶಿವಕುಮಾರ್ ಕನಕಪುರದ ಶಾಸಕರು. 2007ರಲ್ಲಿ ರಾಮನಗರ ಜಿಲ್ಲೆಯಾಗಿ ಹುಟ್ಟಿ, 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೊಸ ಹೆಸರು ಹೊತ್ತ ಈ ಪುಟ್ಟ ಜಿಲ್ಲೆ ನಾಯಕತ್ವದ ವಿಷಯದಲ್ಲಿ ಯಾರಿಗೂ ತಲೆಬಾಗಬೇಕಿಲ್ಲ. ಆದರೆ ಇದೇ ಜಿಲ್ಲೆಯ ಸಾವಿರಾರು ಹುಡುಗ ಹುಡುಗಿಯರು ಬೆಳಗಾಗುವ ಮುನ್ನ ಕಂಪನಿ ಬಸ್ಸು, ಗಾರ್ಮೆಂಟ್ಸ್ ವ್ಯಾನು ಹತ್ತಿ ಬಿಡದಿಗೆ, ಹಾರೋಹಳ್ಳಿಗೆ, ಬೆಂಗಳೂರಿನ ಅಂಚಿಗೆ ಹೋಗುತ್ತಾರೆ. ಅವರ ದಿನದ ಸುಖದುಃಖವನ್ನು ನಿರ್ಧರಿಸುವ ನಾಯಕ ಬೇರೆಯೇ ಇದ್ದಾನೆ. ಅವನು ಲೈನ್ ಸೂಪರ್‌ವೈಸರ್, ಟೀಮ್ ಲೀಡರ್, ಫ್ಲೋರ್ ಇನ್‌ಚಾರ್ಜ್. ರಜಾ ಚೀಟಿಗೆ ಸಹಿ ಬೀಳುವುದೂ, ಕೆಟ್ಟ ಪೀಸಿಗೆ ಬೈಗುಳ ಸಿಗುವುದೂ, ಮೆಷಿನ್ ಸರಿಯಿಲ್ಲ ಎಂದಾಗ ಕಿವಿಗೊಡುವವರು ಇರುವುದೂ ಇಲ್ಲದಿರುವುದೂ ಅವನಿಂದಲೇ. ಅಂಥ ನಾಯಕ ಹೇಗೆ ತಯಾರಾಗುತ್ತಾನೆ, ಅವನ ಕೈಯಲ್ಲಿ ಏನಿದೆ, ಏನಿಲ್ಲ ಎಂಬುದನ್ನು ನಾವು ಚರ್ಚಿಸುವುದು ಬಲು ಕಡಿಮೆ.

ಚರ್ಚಿಸದಿರುವುದಕ್ಕೆ ಒಂದು ಕಾರಣ, ನಾಯಕ ಎಂದ ಕೂಡಲೇ ನಮ್ಮ ಕಣ್ಣಮುಂದೆ ಬರುವ ಚಿತ್ರ. ಒಂದು ಫೋನಿನಲ್ಲಿ ಕೆಲಸ ಮಾಡಿಸುವವನು, ಹೇಳಿದ್ದನ್ನು ನಡೆಸಿಯೇ ತೀರುವವನು, ಎದುರು ಮಾತನಾಡಲು ಯಾರೂ ಧೈರ್ಯ ಮಾಡದವನು ನಮ್ಮ ಪಾಲಿಗೆ ದೊಡ್ಡ ನಾಯಕ. ಚುನಾವಣೆಯ ಕಣದಲ್ಲಿ ಈ ಗುಣಕ್ಕೆ ಬೆಲೆ ಇರಬಹುದು. ಕೆಲಸದ ಜಾಗಕ್ಕೆ ಅದೇ ಚಿತ್ರ ಬಂದಾಗ ಎದುರು ಮಾತಿಗೆ ಅವಕಾಶ ಕೊಡದ ಸೂಪರ್‌ವೈಸರ್ ಗಟ್ಟಿಗನೆನಿಸಿಕೊಳ್ಳುತ್ತಾನೆ, ಕೇಳಿಸಿಕೊಳ್ಳುವವನು ಮೆದುವೆನಿಸಿಕೊಳ್ಳುತ್ತಾನೆ. ಈಚಿನ ವರ್ಷಗಳಲ್ಲಿ ಕಂಪನಿಗಳು ನಾಯಕತ್ವ ತರಬೇತಿಗೆ ಹಣ ಖರ್ಚು ಮಾಡುತ್ತಿವೆ. ರೆಸಾರ್ಟಿನಲ್ಲಿ ಎರಡು ದಿನ ಪಾಠ, ಹಗ್ಗಜಗ್ಗಾಟ, ಗುಂಪು ಆಟ, ಕೊನೆಗೆ ಸರ್ಟಿಫಿಕೇಟು ಮತ್ತು ಫೋಟೊ. ಸೋಮವಾರ ಲೈನಿಗೆ ಮರಳಿದ ಸೂಪರ್‌ವೈಸರ್‌ಗೆ ಅದೇ ಟಾರ್ಗೆಟ್, ಅದೇ ಒತ್ತಡ. ಕೆಲಸಗಾರಳೊಬ್ಬಳು ತೊಂದರೆ ಹೇಳಿಕೊಂಡರೆ ಪರಿಹರಿಸುವ ಅಧಿಕಾರ ಅವನಿಗೆ ಮೊದಲೂ ಇರಲಿಲ್ಲ, ಈಗಲೂ ಇಲ್ಲ. ಹೊಸದಾಗಿ ಬಂದಿರುವುದು ನಯವಾಗಿ ಮಾತನಾಡುವ ಕಲೆ ಮಾತ್ರ. ನನ್ನ ವಾದ ಇಷ್ಟು: ತರಬೇತಿ ಬೇಕು, ಆದರೆ ಅದರ ಜೊತೆಗೆ ಅಧಿಕಾರವೂ ಕೆಳಗಿಳಿಯಬೇಕು. ಕಟ್ಟಕಡೆಯ ಕೆಲಸಗಾರ ‘ಇಲ್ಲಿ ಏನೋ ಸರಿಯಿಲ್ಲ’ ಎಂದು ಹೆದರದೆ ಹೇಳಬಲ್ಲವನಾಗಿ, ಆ ಕೂಗಿಗೆ ಓಡಿ ಬರಲೇಬೇಕಾದ ಮತ್ತು ಬಂದು ಸರಿಪಡಿಸಬಲ್ಲ ಒಬ್ಬ ಹತ್ತಿರದಲ್ಲಿದ್ದಾಗ ಮಾತ್ರ ಹತ್ತಾರು ಜನರ ಗುಂಪು ತಂಡವಾಗುತ್ತದೆ.

ಈ ಮಾತಿಗೆ ಸಾಕ್ಷಿ ದೂರದಲ್ಲಿಲ್ಲ. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 1999ರ ಕೊನೆಯಲ್ಲಿ ಉತ್ಪಾದನೆ ಆರಂಭವಾಯಿತು. ಟೊಯೊಟಾ ಜಗತ್ತಿಗೆ ಪರಿಚಯಿಸಿದ ಪದ್ಧತಿಯಲ್ಲಿ ‘ಆಂಡಾನ್’ ಎಂಬ ವ್ಯವಸ್ಥೆ ಇದೆ. ಜೋಡಣೆಯ ಲೈನಿನುದ್ದಕ್ಕೂ ಒಂದು ಹಗ್ಗ ಅಥವಾ ಗುಂಡಿ ಇರುತ್ತದೆ. ಬೋಲ್ಟು ಕೂರುತ್ತಿಲ್ಲ, ಬಿಡಿಭಾಗ ತಪ್ಪಾಗಿ ಬಂದಿದೆ, ಕೈ ಹಿಂದೆ ಬಿದ್ದಿದೆ, ಹೀಗೆ ಏನೇ ಆದರೂ ಕೆಲಸಗಾರ ಹಗ್ಗ ಎಳೆಯಬಹುದು. ದೀಪ ಉರಿಯುತ್ತದೆ, ಟೀಮ್ ಲೀಡರ್ ಬರುತ್ತಾನೆ. ಗೊತ್ತುಪಡಿಸಿದ ಗೆರೆ ದಾಟುವುದರೊಳಗೆ ದೋಷ ಸರಿಹೋಗದಿದ್ದರೆ ಲೈನ್ ನಿಲ್ಲುತ್ತದೆ. ಈ ಹಗ್ಗದ ಕಥೆಯನ್ನು ಮ್ಯಾನೇಜ್‌ಮೆಂಟ್ ತರಗತಿಗಳಲ್ಲಿ ಬಾಯಿಪಾಠದಂತೆ ಹೇಳುತ್ತಾರೆ. ಅದರ ಹಿಂದಿರುವ ಇನ್ನೊಂದು ಸಂಗತಿಯನ್ನು ಹೇಳುವವರು ಕಡಿಮೆ. ಈ ಪದ್ಧತಿಯಲ್ಲಿ ಒಬ್ಬ ಟೀಮ್ ಲೀಡರ್‌ನ ಕೆಳಗಿರುವವರು ಐದರಿಂದ ಎಂಟು ಜನ ಮಾತ್ರ. ಅವನೂ ಅದೇ ಕೆಲಸ ಮಾಡಿ ಮೇಲೆ ಬಂದವನು, ಯಾರಾದರೂ ಪಕ್ಕಕ್ಕೆ ಸರಿಯಬೇಕಾದರೆ ಅವರ ಜಾಗದಲ್ಲಿ ನಿಂತು ಕೆಲಸ ಮಾಡಬಲ್ಲವನು. ಹಗ್ಗ ಎಳೆದರೆ ಬರುವವನು ಇದ್ದಾನೆ ಎಂಬ ನಂಬಿಕೆ ಹುಟ್ಟುವುದು ಈ ಲೆಕ್ಕದಿಂದ. ಈಗ ನಮ್ಮ ಗಾರ್ಮೆಂಟ್ಸ್ ನೋಡಿ. ಒಂದು ಹೊಲಿಗೆ ಲೈನಿನಲ್ಲಿ ಐವತ್ತರಿಂದ ಎಪ್ಪತ್ತು ಮಂದಿ ಇರುವುದು ಸಾಮಾನ್ಯ. ಅವರಿಗೆ ಒಬ್ಬರೋ ಇಬ್ಬರೋ ಸೂಪರ್‌ವೈಸರ್. ಅವರು ಎಷ್ಟೇ ಸಜ್ಜನರಾಗಿರಲಿ, ಎಪ್ಪತ್ತು ಜನರ ಮಾತು ಕೇಳಲು ಹೊತ್ತು ಎಲ್ಲಿದೆ? ಹೊತ್ತಿಲ್ಲದವನಿಗೆ ಉಳಿಯುವ ಸುಲಭದ ಉಪಕರಣ ಗದರಿಕೆ. ಸೂಪರ್‌ವೈಸರ್ ಒರಟ ಎಂದು ದೂರುವ ಮುನ್ನ ಅವನಿಗೆ ವಹಿಸಿರುವ ತಲೆಗಳ ಸಂಖ್ಯೆಯನ್ನು ಎಣಿಸುವುದು ನ್ಯಾಯ.

ಜನ ಸರಿಯಿಲ್ಲ, ಅದಕ್ಕೇ ತಂಡ ಕಟ್ಟಲಾಗುತ್ತಿಲ್ಲ ಎನ್ನುವವರಿಗೆ ಅಮೆರಿಕದ ಫ್ರೀಮಾಂಟ್ ಕಾರ್ಖಾನೆಯ ಇತಿಹಾಸ ಉತ್ತರ ಕೊಟ್ಟಿದೆ. ಕ್ಯಾಲಿಫೋರ್ನಿಯಾದಲ್ಲಿದ್ದ ಈ ಕಾರ್ಖಾನೆಯನ್ನು ಜನರಲ್ ಮೋಟರ್ಸ್ 1982ರಲ್ಲಿ ಮುಚ್ಚಿತು. ಗೈರುಹಾಜರಿ ನೂರಕ್ಕೆ ಇಪ್ಪತ್ತನ್ನು ಮುಟ್ಟಿತ್ತು, ಬಗೆಹರಿಯದ ದೂರುಗಳು ಸಾವಿರಗಟ್ಟಲೆ ಬಿದ್ದಿದ್ದವು, ತಯಾರಾದ ಕಾರುಗಳ ಗುಣಮಟ್ಟಕ್ಕೆ ಕೆಟ್ಟ ಹೆಸರಿತ್ತು. 1984ರಲ್ಲಿ ಟೊಯೊಟಾ ಮತ್ತು ಜನರಲ್ ಮೋಟರ್ಸ್ ಜೊತೆಯಾಗಿ ಅದೇ ಕಟ್ಟಡದಲ್ಲಿ ‘ನುಮ್ಮಿ’ ಎಂಬ ಹೆಸರಿನಲ್ಲಿ ಕೆಲಸ ಶುರುಮಾಡಿದವು. ಕೆಲಸಕ್ಕೆ ತೆಗೆದುಕೊಂಡವರಲ್ಲಿ ಬಹುಪಾಲು ಹಳೆಯ ಕಾರ್ಮಿಕರೇ, ಕಾರ್ಮಿಕ ಸಂಘವೂ ಅದೇ. ಕೆಲವೇ ವರ್ಷಗಳಲ್ಲಿ ಗೈರುಹಾಜರಿ ನೂರಕ್ಕೆ ಮೂರು ನಾಲ್ಕರ ಆಸುಪಾಸಿಗೆ ಇಳಿಯಿತು, ಗುಣಮಟ್ಟ ಜಪಾನಿನ ಕಾರ್ಖಾನೆಗೆ ಸಮನಾಗಿ ಬಂತು. ಬದಲಾದದ್ದು ಏನು? ಲೈನ್ ನಿಲ್ಲಿಸುವ ಹಕ್ಕು ಕಾರ್ಮಿಕನ ಕೈಗೆ ಬಂತು. ಕೆಲಸದ ವಿಧಾನವನ್ನು ಬರೆದಿಡುವ, ತಿದ್ದುವ ಹೊಣೆಯೂ ತಂಡಕ್ಕೆ ಬಂತು. ಮುಖ್ಯವಾದ ತೀರ್ಮಾನಗಳನ್ನು ಮುಂಚಿತವಾಗಿ ಸಂಘದೊಂದಿಗೆ ಚರ್ಚಿಸುವುದಾಗಿ ಕಂಪನಿ ಒಪ್ಪಂದದಲ್ಲೇ ಬರೆದುಕೊಟ್ಟಿತು. ಕಷ್ಟಕಾಲದಲ್ಲಿ ಮೊದಲು ಮೇಲಿನವರ ಸಂಬಳ ಕಡಿಮೆ ಮಾಡಿ ಆಮೇಲಷ್ಟೇ ಕಾರ್ಮಿಕರನ್ನು ಕೆಲಸದಿಂದ ತೆಗೆಯುವ ಮಾತು ಎಂದೂ ಒಪ್ಪಿತು. ಆ ಮಾತಿನ ಪರೀಕ್ಷೆ 1980ರ ದಶಕದ ಕೊನೆಯಲ್ಲಿ ಬಂತು. ಮಾರಾಟ ಕುಸಿದು ಕಾರ್ಖಾನೆಯ ಸಾಮರ್ಥ್ಯದ ನೂರಕ್ಕೆ ಅರವತ್ತು ಭಾಗದಷ್ಟೇ ಕೆಲಸವಿದ್ದಾಗಲೂ ಯಾರನ್ನೂ ಮನೆಗೆ ಕಳಿಸಲಿಲ್ಲ, ಬಿಡುವಾದವರನ್ನು ತರಬೇತಿಗೂ ಕೆಲಸದ ಸುಧಾರಣೆಗೂ ಹಚ್ಚಿತು. ನಾಳೆ ಕೆಲಸ ಇರುತ್ತದೆ ಎಂಬ ಭರವಸೆ ಇದ್ದವನು ಇವತ್ತು ತಪ್ಪನ್ನು ಬಾಯಿಬಿಟ್ಟು ಹೇಳುತ್ತಾನೆ.

ತಪ್ಪು ಬಾಯಿಬಿಟ್ಟು ಹೇಳುವುದೇ ಒಳ್ಳೆಯ ತಂಡದ ಗುರುತು ಎಂಬುದನ್ನು ಹಾರ್ವರ್ಡಿನ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಕಂಡರು. ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅವರು ಅಧ್ಯಯನ ಮಾಡುತ್ತಿದ್ದರು. ಒಳ್ಳೆಯ ನಾಯಕತ್ವವಿರುವ ವಾರ್ಡುಗಳಲ್ಲಿ ತಪ್ಪು ಕಡಿಮೆ ಇರಬೇಕೆಂಬುದು ಅವರ ಎಣಿಕೆಯಾಗಿತ್ತು. ಲೆಕ್ಕದಲ್ಲಿ ಅಂಥ ವಾರ್ಡುಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಕಾರಣ ಹುಡುಕಿದಾಗ ತಿಳಿದದ್ದು, ಆ ವಾರ್ಡುಗಳ ನರ್ಸುಗಳು ತಪ್ಪನ್ನು ಹೆದರದೆ ಹೇಳಿಕೊಳ್ಳುತ್ತಿದ್ದರು, ಉಳಿದೆಡೆ ಮುಚ್ಚಿಡುತ್ತಿದ್ದರು. ನಮ್ಮ ಕಚೇರಿ, ಕಾರ್ಖಾನೆಗಳ ವರದಿಯಲ್ಲಿ ‘ದೂರು: ಇಲ್ಲ’ ಎಂದು ತಿಂಗಳುಗಟ್ಟಲೆ ಬರೆದಿರುವುದನ್ನು ಹೆಮ್ಮೆಯಿಂದ ತೋರಿಸುವ ಅಧಿಕಾರಿಗಳು ಈ ಅಧ್ಯಯನವನ್ನು ಓದಬೇಕು.

ಇಲ್ಲಿ ಒಂದು ದೊಡ್ಡ ಆಕ್ಷೇಪ ಏಳುತ್ತದೆ, ಅದು ನಮ್ಮ ಜಿಲ್ಲೆಯಿಂದಲೇ ಏಳುತ್ತದೆ. ಹಗ್ಗ, ಟೀಮ್ ಲೀಡರ್, ತರಬೇತಿ ಎಲ್ಲವೂ ಇದ್ದ ಬಿಡದಿಯಲ್ಲಿಯೇ 2006ರಲ್ಲಿ, 2014ರಲ್ಲಿ, ಮತ್ತೆ 2020ರಲ್ಲಿ ಮುಷ್ಕರ, ಲಾಕೌಟ್ ನಡೆಯಿತಲ್ಲ, ಹಾಗಾದರೆ ಆ ಪದ್ಧತಿ ಎಲ್ಲಿ ಗೆದ್ದಿತು? ಪ್ರಶ್ನೆ ನ್ಯಾಯವಾದದ್ದು. 2020ರ ನವೆಂಬರಿನಲ್ಲಿ ಕಾರ್ಮಿಕ ಸಂಘದ ಒಬ್ಬರ ಅಮಾನತಿನಿಂದ ಆರಂಭವಾದ ಧರಣಿ ಲಾಕೌಟ್‌ಗೆ ತಿರುಗಿತು. ಸರ್ಕಾರ ಮಧ್ಯೆ ಬಂದು ಆದೇಶ ಹೊರಡಿಸಿದ ಮೇಲೆ ಗೇಟು ತೆರೆದರೂ ಬಹುಪಾಲು ಕಾರ್ಮಿಕರು ಒಳಗೆ ಹೋಗಲಿಲ್ಲ, ಕೆಲವೇ ದಿನಗಳಲ್ಲಿ ಗೇಟು ಮತ್ತೆ ಮುಚ್ಚಿತು. ಲಾಕೌಟ್ ಪೂರ್ತಿ ತೆರವಾದದ್ದು 2021ರ ಜನವರಿಯಲ್ಲಿ. ಮುಷ್ಕರ ಕಾನೂನುಬಾಹಿರ, ಧರಣಿಯಿಂದ ಕೋವಿಡ್ ಸುರಕ್ಷತೆಗೆ ಭಂಗವಾಯಿತು ಎಂಬುದು ಕಂಪನಿಯ ನಿಲುವು. ಕೆಲಸದ ಹೊರೆ ತಡೆಯಲಾರದಷ್ಟು ಹೆಚ್ಚಿದೆ, ಕೇಳುವವರಿಲ್ಲ ಎಂಬುದು ಸಂಘದ ನಿಲುವು. ಒಳಗೆ ಬರಬೇಕಾದರೆ ಸನ್ನಡತೆಯ ಮುಚ್ಚಳಿಕೆ ಬರೆದುಕೊಡಬೇಕು ಎಂಬ ಷರತ್ತು 2014ರಲ್ಲೂ 2020ರಲ್ಲೂ ಜಗಳದ ಮುಖ್ಯ ವಿಷಯವಾಯಿತು. ಇದರಲ್ಲಿ ಯಾರದು ಎಷ್ಟು ಸರಿ ಎಂದು ತೀರ್ಪು ಕೊಡುವುದು ಈ ಲೇಖನದ ಕೆಲಸವಲ್ಲ. ನನಗೆ ಕಾಣುವ ಪಾಠ ಬೇರೆ. ಹಗ್ಗ ಎಳೆದು ನಿಲ್ಲಿಸಬಹುದಾದದ್ದು ಒಂದು ಕಾರಿನಲ್ಲಿರುವ ದೋಷವನ್ನು. ಲೈನಿನ ವೇಗ ಎಷ್ಟಿರಬೇಕು, ಒಬ್ಬನ ಪಾಲಿಗೆ ಎಷ್ಟು ಕೆಲಸ, ಆ ವೇಗದಲ್ಲಿ ಮೂತ್ರಕ್ಕೆ ಹೋಗಲು ಹೊತ್ತು ಸಿಗುತ್ತದೆಯೇ ಎಂಬ ಪ್ರಶ್ನೆಗಳು ಹಗ್ಗದ ಅಳವಿಗೆ ಸಿಗುವುದಿಲ್ಲ. ಫ್ರೀಮಾಂಟಿನಲ್ಲಿ ಹಗ್ಗದ ಜೊತೆಗೆ ಬರವಣಿಗೆಯ ಒಪ್ಪಂದ, ಮುಂಚಿತ ಚರ್ಚೆ, ಕೆಲಸದ ಭದ್ರತೆ ಮೂರೂ ಇದ್ದವು. ಉಪಕರಣವನ್ನು ತಂದು, ಅದನ್ನು ಹೊತ್ತು ನಿಲ್ಲುವ ಒಪ್ಪಂದವನ್ನು ಅರ್ಧಕ್ಕೆ ಬಿಟ್ಟರೆ ವಿಶ್ವಾಸ ಗೇಟಿನ ಹತ್ತಿರವೇ ಮುರಿಯುತ್ತದೆ. ಮುಚ್ಚಳಿಕೆ ಬರೆಸಿಕೊಂಡು ಶಿಸ್ತನ್ನು ತರಬಹುದು, ತಂಡವನ್ನು ತರಲಾಗದು. ಇದೇ ಕಂಪನಿ 2007ರಿಂದ ಬಿಡದಿಯಲ್ಲಿ ಹಳ್ಳಿಯ ಬಡ ಮಕ್ಕಳಿಗೆ ಮೂರು ವರ್ಷದ ವಸತಿ ತಾಂತ್ರಿಕ ತರಬೇತಿ ನಡೆಸಿಕೊಂಡು ಬಂದಿದೆ ಎಂಬುದನ್ನೂ ಇಲ್ಲಿ ಹೇಳಬೇಕು. ಜನರನ್ನು ಬೆಳೆಸುವ ಬುದ್ಧಿ ಇರುವಲ್ಲಿಯೂ ಅಧಿಕಾರ ಹಂಚುವುದು ಎಷ್ಟು ಕಷ್ಟ ಎಂಬುದನ್ನೇ ಇದು ತೋರಿಸುತ್ತದೆ.

ಬಿಡದಿಯ ಗೇಟು ಮುಚ್ಚಿದ್ದ ಅದೇ ಚಳಿಗಾಲದಲ್ಲಿ ಬೆಂಗಳೂರಿನ ಇನ್ನೊಂದು ದಿಕ್ಕಿನಲ್ಲಿ ಇದಕ್ಕಿಂತ ಕೆಟ್ಟದ್ದು ನಡೆಯಿತು. ಕೋಲಾರ ಜಿಲ್ಲೆ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರ ಬೆಳಗ್ಗೆ ಪಾಳಿ ಬಿಡುವ ಹೊತ್ತಿಗೆ ಕಾರ್ಮಿಕರು ಗಾಜು ಒಡೆದರು, ವಾಹನ ಉರುಳಿಸಿದರು. ಆ ದಾಂಧಲೆಗೆ ಸಮರ್ಥನೆ ಇಲ್ಲ. ಆದರೆ ರಾಜ್ಯದ ಕಾರ್ಖಾನೆಗಳ ಇಲಾಖೆ ತನಿಖೆ ಮಾಡಿದಾಗ ಕಂಡದ್ದನ್ನು ಮರೆಯಬಾರದು. ಐದು ಸಾವಿರ ಇದ್ದ ಕಾರ್ಮಿಕರ ಸಂಖ್ಯೆ ಅಲ್ಪ ಕಾಲದಲ್ಲಿ ಹತ್ತೂವರೆ ಸಾವಿರಕ್ಕೆ ಏರಿತ್ತು, ಅದಕ್ಕೆ ತಕ್ಕ ಎಚ್‌ಆರ್ ವಿಭಾಗ ಇರಲಿಲ್ಲ. ಹಾಜರಿ ದಾಖಲಿಸುವ ವ್ಯವಸ್ಥೆ ಅಕ್ಟೋಬರಿನಿಂದಲೂ ಕೆಟ್ಟಿತ್ತು, ಮಾಡಿದ ದುಡಿಮೆ ಸಂಬಳದಲ್ಲಿ ಸರಿಯಾಗಿ ಕಾಣುತ್ತಿರಲಿಲ್ಲ. ಎಚ್‌ಆರ್‌ಗೆ ಹೇಳಿದರೂ ಸರಿಯಾಗಲಿಲ್ಲ. ಕೆಲವರಿಗೆ ಸಂಬಳ ಸರಿಯಾಗಿ, ಸಕಾಲದಲ್ಲಿ ಸಿಕ್ಕಿರಲಿಲ್ಲ ಎಂದು ಕಂಪನಿಯೇ ಆಮೇಲೆ ಒಪ್ಪಿ ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಎರಡು ತಿಂಗಳು ಆ ಹತ್ತು ಸಾವಿರ ಜನರ ನಡುವೆ ‘ಇದು ನನ್ನ ಹೊಣೆ, ನಾಳೆ ಸಂಜೆಯೊಳಗೆ ಸರಿಮಾಡುತ್ತೇನೆ’ ಎನ್ನುವ ಅಧಿಕಾರವಿದ್ದ ಒಬ್ಬ ಸೂಪರ್‌ವೈಸರ್ ಇದ್ದಿದ್ದರೆ, ಅವನ ಮಾತು ಮೇಲೆ ನಡೆಯುವಂತಿದ್ದರೆ, ಕಲ್ಲು ಎತ್ತುವ ಪ್ರಸಂಗ ಬರುತ್ತಿತ್ತೇ? ಹಾಜರಿ ಯಂತ್ರದ ದುರಸ್ತಿಗೆ ಮೇಲಿನವರ ಕ್ಷಮೆಯವರೆಗೂ ಕಾಯಬೇಕಾಗಿ ಬಂದದ್ದೇ ಅಲ್ಲಿಯ ನಾಯಕತ್ವದ ಸೋಲು.

ತರಬೇತಿಯನ್ನು ನಾನು ಹಳಿಯುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು. ತರಬೇತಿ ಫಲ ಕೊಡುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇರುವುದೂ ನಮ್ಮ ಕಡೆಯ ಗಾರ್ಮೆಂಟ್ಸ್‌ನಿಂದಲೇ. ಅಚ್ಯುತ ಅಧ್ವರ್ಯು, ನಮ್ರತಾ ಕಲಾ, ಅನಂತ್ ನ್ಯಶದಂ ಎಂಬ ಅರ್ಥಶಾಸ್ತ್ರಜ್ಞರು ಬೆಂಗಳೂರು ಭಾಗದ ಶಾಹಿ ಎಕ್ಸ್‌ಪೋರ್ಟ್ಸ್ ಘಟಕಗಳಲ್ಲಿ ಹೆಣ್ಣುಮಕ್ಕಳಿಗೆ ಕೊಟ್ಟ ತರಬೇತಿಯನ್ನು ಚೀಟಿ ಎತ್ತಿ ಆಯ್ದ ಗುಂಪುಗಳ ಮೂಲಕ ಅಳೆದರು. ಮಾತುಕತೆ, ಸಮಯದ ನಿರ್ವಹಣೆ, ಸಮಸ್ಯೆ ಬಿಡಿಸುವುದು ಇಂಥವು ಪಾಠದ ವಿಷಯಗಳು. 2023ರಲ್ಲಿ ಪ್ರಕಟವಾದ ಅವರ ಲೇಖನದ ಪ್ರಕಾರ ತರಬೇತಿ ಪಡೆದವರ ಉತ್ಪಾದಕತೆ ಉಳಿದವರಿಗಿಂತ ಶೇ 13.5ರಷ್ಟು ಹೆಚ್ಚಿತ್ತು, ಕಂಪನಿ ಹೂಡಿದ ಹಣಕ್ಕೆ ತರಬೇತಿ ಮುಗಿದ ಎಂಟು ತಿಂಗಳೊಳಗೆ ಎರಡೂವರೆ ಪಟ್ಟಿಗೂ ಮಿಕ್ಕಿ ಲಾಭ ಬಂದಿತ್ತು. ಅದೇ ಲೇಖನದಲ್ಲಿ ಇನ್ನೊಂದು ಅಂಕಿ ಇದೆ. ಆ ಹೆಣ್ಣುಮಕ್ಕಳ ಸಂಬಳ ಹೆಚ್ಚಿದ್ದು ಶೇ 0.5 ಮಾತ್ರ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಬಾಯಿಬಿಟ್ಟು ಮಾತನಾಡುವುದನ್ನು ಕಲಿಸಿದರೆ ಕೆಲಸ ಚೆನ್ನಾಗುತ್ತದೆ ಎಂಬುದು ಸಾಬೀತಾಯಿತು. ಹಾಗೆ ಹೆಚ್ಚಿದ ಫಲದಲ್ಲಿ ಕಲಿತವಳ ಪಾಲು ಎಷ್ಟು ಎಂಬುದನ್ನು ತರಬೇತಿ ನಿರ್ಧರಿಸಲಿಲ್ಲ, ಅದನ್ನು ಅಧಿಕಾರ ಇದ್ದವರು ನಿರ್ಧರಿಸಿದರು. ಇದೇ ಉದ್ಯಮದಲ್ಲಿ ನಡೆದ ಇನ್ನೊಂದು ಅಧ್ಯಯನ, ಸಂಬಳ ಏರಿಕೆಯಿಂದ ನಿರಾಶರಾದ ಕಾರ್ಮಿಕರಲ್ಲಿ ಕೆಲವರನ್ನು ಮಾತ್ರ ಆರಿಸಿ, ಹೆಸರು ಗುಟ್ಟಾಗಿಟ್ಟು ಅವರ ಅಭಿಪ್ರಾಯ ಕೇಳಿತು. ಕೇಳಿಸಿಕೊಂಡದ್ದಷ್ಟೇ, ಕಾಸು ಹೆಚ್ಚಿಸಿದ್ದಿಲ್ಲ. ಆದರೂ ಅವರಲ್ಲಿ ಕೆಲಸ ಬಿಡುವವರೂ ಗೈರಾಗುವವರೂ ಕಡಿಮೆಯಾದರು, ಅತಿ ಹೆಚ್ಚು ನಿರಾಶರಾಗಿದ್ದವರಲ್ಲಿಯೇ ಈ ಬದಲಾವಣೆ ಎದ್ದು ಕಂಡಿತು. ಒಮ್ಮೆ ಕೇಳಿದ್ದಕ್ಕೆ ಇಷ್ಟು ಫಲವಿದ್ದರೆ ದಿನವೂ ಕೇಳಿ, ಕೇಳಿದ್ದರ ಮೇಲೆ ಕ್ರಮವನ್ನೂ ಕೈಗೊಂಡರೆ ಎಷ್ಟಾಗಬಹುದು?

‘ನಮ್ಮ ಜನಕ್ಕೆ ಸದರ ಕೊಟ್ಟರೆ ತಲೆಯ ಮೇಲೆ ಕೂರುತ್ತಾರೆ, ಅವರಿಗೆ ಮುಂದಾಳುತನ ಬೇಕಾಗಿಲ್ಲ, ಸಂಬಳ ಬಂದರೆ ಸಾಕು’ ಎಂಬ ಮಾತನ್ನು ಮಾಲೀಕರ ಬಾಯಲ್ಲಷ್ಟೇ ಅಲ್ಲ, ಸೂಪರ್‌ವೈಸರ್‌ಗಳ ಬಾಯಲ್ಲೂ ಕೇಳುತ್ತೇವೆ. 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ರಸ್ತೆಗಳಲ್ಲಿ ಕಂಡದ್ದು ಈ ಮಾತಿಗೆ ಎದುರಾಗಿತ್ತು. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ಹೊಸ ನಿಯಮದ ವಿರುದ್ಧ ಗಾರ್ಮೆಂಟ್ಸ್‌ನ ಹೆಣ್ಣುಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ಹೊಸೂರು ರಸ್ತೆಗೆ ಇಳಿದರು. ಯಾವ ದೊಡ್ಡ ಸಂಘಟನೆಯೂ ಕರೆ ಕೊಟ್ಟಿರಲಿಲ್ಲ. ಎರಡನೆಯ ದಿನ ಅಲ್ಲಲ್ಲಿ ಹಿಂಸೆ ನಡೆದು ಚಳವಳಿಗೆ ಕಳಂಕ ತಂದದ್ದೂ ನಿಜ. ಆದರೂ ದೆಹಲಿಯ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ಪಡೆಯಿತು. ಪಿಎಫ್ ನಿಯಮದ ಒಳಸುಳಿಯನ್ನು ಅರ್ಥಮಾಡಿಕೊಂಡು, ಒಬ್ಬರಿಗೊಬ್ಬರು ತಿಳಿಸಿ, ಒಟ್ಟಾಗಿ ಹೊರಟ ಈ ಹೆಣ್ಣುಮಕ್ಕಳಿಗೆ ಮುಂದಾಳುತನ ಇಲ್ಲವೆಂದರೆ ಒಪ್ಪುವುದು ಹೇಗೆ? ಆ ಮುಂದಾಳುತನ ಕಾರ್ಖಾನೆಯ ಒಳಗೆ ಕೆಲಸಕ್ಕೆ ಬರಲು ದಾರಿ ಇರಲಿಲ್ಲ, ಬೀದಿಯಲ್ಲಿ ದಾರಿ ಕಂಡಿತು. ಹೊಲಿಯುವವರಲ್ಲಿ ಹೆಚ್ಚಿನವರು ಹೆಂಗಸರು, ಮೇಲೆ ನಿಲ್ಲುವವರಲ್ಲಿ ಹೆಚ್ಚಿನವರು ಗಂಡಸರು ಎಂಬ ಸ್ಥಿತಿ ಇನ್ನೂ ಇದೆ. ಹೆಂಗಸರನ್ನು ಸೂಪರ್‌ವೈಸರ್ ಮಾಡಿದರೆ ಲೈನ್ ಮಾತು ಕೇಳುವುದಿಲ್ಲ ಎನ್ನುವವರಿಗೆ ಬಾಂಗ್ಲಾದೇಶದ ಗಾರ್ಮೆಂಟ್ಸ್‌ನಲ್ಲಿ ನಡೆದ ಪ್ರಯೋಗ ಉತ್ತರ ಕೊಡುತ್ತದೆ. ಹೊಸದಾಗಿ ಬಡ್ತಿ ಪಡೆದ ಹೆಂಗಸರನ್ನು ಕೆಳಗಿನವರು ಮೊದಲು ಕಡಿಮೆ ಅಂದಾಜು ಮಾಡಿದರು. ನಾಲ್ಕಾರು ತಿಂಗಳು ಅವರ ಕೈಕೆಳಗೆ ಕೆಲಸ ಮಾಡಿದ ಮೇಲೆ ಆ ಅಂತರ ಉಳಿಯಲಿಲ್ಲ. ಮೊದಮೊದಲ ಗೊಣಗಾಟಕ್ಕೆ ಹೆದರಿ ಬಡ್ತಿಯನ್ನು ಹಿಂತೆಗೆಯದಿದ್ದರೆ ಸಾಕು.

ದೊಡ್ಡ ಕಾರ್ಖಾನೆಗೆ ಇದೆಲ್ಲ ಸರಿ, ಹತ್ತು ಜನರ ಸಣ್ಣ ಘಟಕಕ್ಕೆ ಎಲ್ಲಿಂದ ಬರಬೇಕು ಎಂಬ ಮಾತಿಗೂ ತೂಕವಿದೆ. ರಾಮನಗರ, ಕನಕಪುರದ ರೇಷ್ಮೆ ನೂಲು ಬಿಚ್ಚುವ ಘಟಕಗಳನ್ನೇ ತೆಗೆದುಕೊಳ್ಳಿ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಹರಾಜಿನಲ್ಲಿ ಕೊಂಡು ತಂದ ಗೂಡು ಒಳ್ಳೆಯದೋ ಅಲ್ಲವೋ ಎಂಬುದು ಮೊದಲು ತಿಳಿಯುವುದು ಬಿಸಿನೀರಿನ ಮುಂದೆ ಕುಳಿತು ಎಳೆ ಹಿಡಿಯುವ ಹೆಂಗಸಿಗೆ. ಗೂಡು ಬೆಂದದ್ದು ಹೆಚ್ಚಾಯಿತೋ ಕಡಿಮೆಯಾಯಿತೋ, ಎಳೆ ಎಷ್ಟು ಸಲ ಕಡಿಯುತ್ತಿದೆ, ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಹೋಗಲಿದೆ ಎಂಬುದೆಲ್ಲ ಅವಳ ಬೆರಳಿಗೆ ಗೊತ್ತು. ಮಾಲೀಕ ಅವಳನ್ನು ಕೇಳಲು ಆಂಡಾನ್ ಹಗ್ಗವೂ ಬೇಡ, ಎಚ್‌ಆರ್ ವಿಭಾಗವೂ ಬೇಡ. ಪಾಳಿಯ ಮೊದಲಲ್ಲಿ ಹತ್ತು ನಿಮಿಷ ನಿಂತು ಕೇಳಿದರೆ ನಷ್ಟದ ನೂಲು ಕಡಿಮೆಯಾಗುವುದು ಅವನಿಗೇ ಕಾಣುತ್ತದೆ. ಸಣ್ಣ ಘಟಕಕ್ಕೆ ಇದು ಹೆಚ್ಚು ಸುಲಭ.

ಅಧಿಕಾರ ಹಂಚಿಕೆಯ ಅಭ್ಯಾಸವೇ ನಮಗಿಲ್ಲ ಎನ್ನುವಂತೆಯೂ ಇಲ್ಲ. ಕನಕಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಬೆಳಗ್ಗೆ ಸಂಜೆ ಡೈರಿಯ ಮುಂದೆ ಸಾಲು ನಿಲ್ಲುತ್ತದೆ. ಹಾಲು ತಂದವಳ ಎದುರಲ್ಲೇ ಅಳತೆ, ಫ್ಯಾಟ್, ಎಸ್‌ಎನ್‌ಎಫ್ ನೋಡಿ ದರ ನಿಗದಿಯಾಗುತ್ತದೆ. ಅಳತೆ ತಪ್ಪಿದರೆ ಅಲ್ಲೇ ಕೇಳಬಹುದು, ಬಟವಾಡೆಯಲ್ಲಿ ವ್ಯತ್ಯಾಸ ಬಂದರೆ ಕಾರ್ಯದರ್ಶಿ ಉತ್ತರಿಸಬೇಕು. ಆಡಳಿತ ಮಂಡಳಿಯನ್ನು ಹಾಲು ಹಾಕುವವರೇ ಆರಿಸುತ್ತಾರೆ, ವರ್ಷದ ಲೆಕ್ಕ ಸರ್ವಸದಸ್ಯರ ಸಭೆಗೆ ಬರಬೇಕು. ಮಹಿಳಾ ಸಂಘಗಳಲ್ಲಿ ಅಧ್ಯಕ್ಷರೂ ಕಾರ್ಯದರ್ಶಿಯೂ ಹೆಂಗಸರೇ. ಡೈರಿಯ ಚುನಾವಣೆಗೆ ಪಕ್ಷ ರಾಜಕೀಯ ನುಗ್ಗಿರುವುದು, ಎಷ್ಟೋ ಕಡೆ ಸಭೆ ಕಾಗದದಲ್ಲಷ್ಟೇ ನಡೆಯುವುದು ಎಲ್ಲರಿಗೂ ಗೊತ್ತು. ಆದರೂ ಅಕ್ಷರ ಬಾರದ ಹೆಂಗಸು ಕೂಡ ‘ಇದೇನು ಫ್ಯಾಟು ಇಷ್ಟು ಕಮ್ಮಿ’ ಎಂದು ಸಾಲಿನಲ್ಲಿ ನಿಂತೇ ಕೇಳುತ್ತಾಳೆ. ಅವಳ ಮಗಳು ಹಾರೋಹಳ್ಳಿಯ ಕಾರ್ಖಾನೆಯಲ್ಲಿ ಓವರ್‌ಟೈಮಿನ ಲೆಕ್ಕ ಕೇಳಲು ಹೆದರುತ್ತಾಳೆ. ಮಗಳು ತಾಯಿಗಿಂತ ಹೆಚ್ಚು ಓದಿದವಳು. ಧೈರ್ಯದಲ್ಲಿ ವ್ಯತ್ಯಾಸ ಬಂದದ್ದು ಕೇಳುವ ಹಕ್ಕು ಒಂದು ಕಡೆ ನಿಯಮದಲ್ಲಿದೆ, ಇನ್ನೊಂದು ಕಡೆ ಸೂಪರ್‌ವೈಸರ್‌ನ ಮರ್ಜಿಯಲ್ಲಿದೆ ಎಂಬ ಕಾರಣಕ್ಕೆ. ಒಬ್ಬರ ಮರ್ಜಿಗೆ ಬಿಡದೆ ಕಟ್ಟಿದ್ದು ಉಳಿಯುತ್ತದೆ ಎಂಬುದಕ್ಕೆ ಇಲ್ಲೇ ಇನ್ನೊಂದು ಉದಾಹರಣೆ ಇದೆ. ಕನಕಪುರದಲ್ಲಿ ಎಸ್. ಕರಿಯಪ್ಪನವರು ರೂರಲ್ ಎಜುಕೇಷನ್ ಸೊಸೈಟಿ ಕಟ್ಟಿದರು. ಅವರು ಹೋದ ಮೇಲೂ ಸಂಸ್ಥೆ ನಡೆದು ಹಳ್ಳಿ ಮಕ್ಕಳು ಡಿಗ್ರಿ ಪಡೆಯುತ್ತಿದ್ದಾರೆ. ತಾನಿಲ್ಲದಿದ್ದರೂ ನಡೆಯುವಂಥದ್ದನ್ನು ಕಟ್ಟುವ ನಾಯಕತ್ವವೂ ನಮ್ಮ ನೆಲದ್ದೇ. ಕಾರ್ಖಾನೆಯ ಲೈನಿಗೂ ಬೇಕಾಗಿರುವುದು ಅಂಥದ್ದು.

ಇನ್ನು ಕಾನೂನಿನ ಮಾತು. ನೂರು ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ಆಡಳಿತ ಮತ್ತು ಕಾರ್ಮಿಕರ ಪ್ರತಿನಿಧಿಗಳು ಸೇರಿದ ಸಮಿತಿ ಇರಬೇಕೆಂಬುದನ್ನು 1947ರ ಕೈಗಾರಿಕಾ ವಿವಾದ ಕಾಯ್ದೆಯೇ ಹೇಳಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಇಪ್ಪತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಪ್ರತಿ ಘಟಕದಲ್ಲೂ ಕುಂದುಕೊರತೆ ಪರಿಹಾರ ಸಮಿತಿ ಇರಬೇಕೆನ್ನುತ್ತದೆ. ಎರಡೂ ಕಡೆಯಿಂದ ಸಮ ಸಂಖ್ಯೆಯ ಸದಸ್ಯರು, ಕೆಲಸಗಾರರಲ್ಲಿ ಹೆಂಗಸರು ಎಷ್ಟಿದ್ದಾರೋ ಆ ಪ್ರಮಾಣಕ್ಕೆ ಕಡಿಮೆಯಾಗದಂತೆ ಮಹಿಳಾ ಸದಸ್ಯರು, ಅಧ್ಯಕ್ಷತೆ ಒಂದು ವರ್ಷ ಆಡಳಿತಕ್ಕೆ ಒಂದು ವರ್ಷ ಕಾರ್ಮಿಕರಿಗೆ, ದೂರು ಬಂದ 30 ದಿನದೊಳಗೆ ವಿಚಾರಣೆ. ಹೊಸ ಸಂಹಿತೆಗಳ ಇತರ ಭಾಗಗಳ ಬಗ್ಗೆ ಕಾರ್ಮಿಕ ಸಂಘಟನೆಗಳಿಗೆ ತಕರಾರು ಬಹಳವಿದೆ, ಅದರಲ್ಲಿ ನ್ಯಾಯವೂ ಇದೆ. ಈ ಒಂದು ಕಲಮು ಮಾತ್ರ ಸರಿಯಾಗಿ ಬಳಸಿಕೊಂಡರೆ ನೂರು ತರಬೇತಿ ಶಿಬಿರಗಳಿಗೆ ಸಮ. ಕಂಪನಿಯ ನೆಚ್ಚಿನ ನಾಲ್ವರನ್ನು ಹೆಸರಿಗೆ ಕೂರಿಸಿ ಸಹಿ ಹಾಕಿಸಿಕೊಂಡರೆ ಅದೂ ಸತ್ತ ಕಾಗದ. ದೇಶದ ಸಂಘಟಿತ ಕಾರ್ಖಾನೆಗಳ ಕಾರ್ಮಿಕರಲ್ಲಿ ನೂರಕ್ಕೆ ಸುಮಾರು ನಲವತ್ತು ಮಂದಿ ಈಗ ಗುತ್ತಿಗೆಯವರು. ನಾಳೆ ಗೇಟಿನೊಳಗೆ ಬಿಡುತ್ತಾರೋ ಇಲ್ಲವೋ ಎಂದು ತಿಳಿಯದವರು ಅವರು. ಒಂದೇ ಲೈನಿನಲ್ಲಿ ಕಾಯಂ ನೌಕರನೂ ಗುತ್ತಿಗೆಯ ಹುಡುಗನೂ ಅಕ್ಕಪಕ್ಕ ನಿಂತು ಒಂದೇ ಕೆಲಸ ಮಾಡುತ್ತಿರುವಾಗ ಒಬ್ಬನಿಗಷ್ಟೇ ಬಾಯಿ ಇರುವ ಸಮಿತಿಯಿಂದ ತಂಡ ಹುಟ್ಟದು. ಗುತ್ತಿಗೆಯವರ ದೂರನ್ನೂ ಅದೇ ಸಮಿತಿ ಕೇಳುವಂತೆ ಪ್ರಧಾನ ಕಂಪನಿಗಳು ತಾವಾಗಿಯೇ ಏರ್ಪಾಡು ಮಾಡಬಹುದು, ಅದಕ್ಕೆ ಯಾವ ಕಾನೂನೂ ಅಡ್ಡಿಯಿಲ್ಲ.

ಆದ್ದರಿಂದ ಬಿಡದಿ, ಹಾರೋಹಳ್ಳಿ, ಕನಕಪುರದ ಕಾರ್ಖಾನೆಗಳ ಮುಖ್ಯಸ್ಥರಲ್ಲಿ ಒಂದು ಕೋರಿಕೆ. ಮುಂದಿನ ನಾಯಕತ್ವ ಶಿಬಿರಕ್ಕೆ ಹಣ ಮಂಜೂರು ಮಾಡುವ ಮುನ್ನ ನಿಮ್ಮ ಸೂಪರ್‌ವೈಸರ್ ಒಬ್ಬನ ಕೆಳಗೆ ಎಷ್ಟು ಜನರಿದ್ದಾರೆ, ಯಾರನ್ನೂ ಕೇಳದೆ ಅವನು ಏನೇನನ್ನು ಸರಿಪಡಿಸಬಹುದು ಎಂಬುದನ್ನು ಬರೆದು ಗೋಡೆಗೆ ಅಂಟಿಸಿ. ಕಾರ್ಮಿಕ ಇಲಾಖೆಯ ಜಿಲ್ಲಾ ಕಚೇರಿ ಯಾವ ಯಾವ ಘಟಕದಲ್ಲಿ ಕುಂದುಕೊರತೆ ಸಮಿತಿ ರಚನೆಯಾಗಿದೆ, ಅದರಲ್ಲಿ ಹೆಂಗಸರು ಎಷ್ಟು, ಎಷ್ಟು ದೂರು 30 ದಿನದಲ್ಲಿ ಮುಗಿದಿದೆ ಎಂಬ ಪಟ್ಟಿಯನ್ನು ಕನ್ನಡದಲ್ಲಿ ಪ್ರಕಟಿಸಲಿ. ಕೆಲಸಕ್ಕೆ ಹೋಗುವ ಮಕ್ಕಳಿರುವ ಮನೆಯವರು ಸಂಬಳ ಎಷ್ಟು ಎಂದು ಕೇಳುವಾಗ, ನಿಮ್ಮಲ್ಲಿ ಆ ಸಮಿತಿ ಇದೆಯೇ, ಅದರಲ್ಲಿ ನಿಮ್ಮ ಕಡೆಯವರು ಯಾರು ಎಂದೂ ಕೇಳಿ.